ಮೂವತ್ತೊಂದು ಹಿತ್ತಿಲಿನ ತೋಡು

ಮೈಸೂರಿನ ಮೇಘನಾ ಲಂಡನ್ನಿನ ಒಂದು ಕೌನ್ಸಿಲ್‌ನ ನೆರೆ ವಿಭಾಗಕ್ಕೆ ಹೊಸದಾಗಿ ಸೇರಿದ್ದಾಳೆ. ಕೆಂಟನ್‌ನಲ್ಲಿ ನಮ್ಮವರೆಲ್ಲ ಸೇರಿ ಮಾಡಿದ ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತು, "ಆಂಟಿ, ನೀವು ಇಪ್ಪತ್ತೇಳು ವರ್ಷ ಇದೇ ಕೆಲ್ಸ ಮಾಡಿದ್ದೀರಂತೆ. ನಾನು ಮೊದ್ಲು ಯಾವ ಸಾಫ್ಟ್‌ವೇರ್ ಕಲೀಬೇಕು?" ಎಂದು ಕೇಳಿದಳು.

"ಮೊದ್ಲು ಒಂದು ಜೊತೆ ಒಳ್ಳೇ ರಬ್ಬರ್ ಬೂಟು ತಗೋ" ಅಂದೆ.

ತಮಾಷೆ ಅಂದುಕೊಂಡು ನಕ್ಕಳು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ನಿಂತಿತು. ಅವಳಿಗೂ ಅವಳ ಹಾಗೆ ಈ ಕೆಲಸಕ್ಕೆ ಬರುವ ಉಳಿದ ಮಕ್ಕಳಿಗೂ ಆವತ್ತು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದನ್ನು ಬರೆದಿಲ್ಲ. ಅದು ನನ್ನ ಗಂಡನಿಗೇ ನೆನಪಿಲ್ಲ.

ನೆರೆ ನಿಯಂತ್ರಣ ಎಂದರೆ ದೋಣಿ, ಮರಳಿನ ಮೂಟೆ, ಟಿವಿಯವರ ಮುಂದೆ ಗಂಭೀರ ಮುಖ ಎಂದು ನಾನೂ ತಿಳಿದಿದ್ದೆ. ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ತೋಡುಗಳಿಂದ, ಅಂದರೆ ಮಳೆ ನೀರು ಹರಿಯುವ ಸಣ್ಣ ಕಾಲುವೆಗಳಿಂದ, ಶಾಪಿಂಗ್ ಟ್ರಾಲಿ, ಹಳೇ ಹಾಸಿಗೆ, ಒಮ್ಮೆ ದೀಪದ ಸರದ ಸಮೇತ ಒಂದು ಇಡೀ ಕ್ರಿಸ್‌ಮಸ್ ಮರ ಎತ್ತಿಸುವುದರಲ್ಲಿ. ನನ್ನ ಹೆಸರು ಜಲಜಾಕ್ಷಿ. ಕುಂದಾಪುರದ ಕಡೆಯವಳು. ನೀರಿನ ಇಲಾಖೆಗೆ ಹೇಳಿ ಮಾಡಿಸಿದ ಹೆಸರು, ಆದರೆ ಅಲ್ಲಿ ಅರ್ಥ ಗೊತ್ತಿದ್ದವರು ಯಾರೂ ಇರಲಿಲ್ಲ. ಮೊದಲ ದಿನವೇ ನನ್ನ ಮೇಲಧಿಕಾರಿ ಕಾಲಿನ್ ಅದನ್ನು "ಜಲ್" ಎಂದು ಕತ್ತರಿಸಿ ಮುಗಿಸಿದ.

ಕಾಲಿನ್‌ನ ಹತ್ತಿರ ಇದ್ದ ಉಪಕರಣ ಒಂದೇ, ಒಂದು ಉದ್ದನೆಯ ಕೋಲು. ತೋಡಿಗೆ ಕೋಲು ಇಳಿಸಿ, ಎತ್ತಿ, ಅದಕ್ಕೆ ಮೆತ್ತಿದ ಕೆಸರು ನೋಡಿ, ಮೂಸಿ, "ಮೂರು ವಾರದಲ್ಲಿ ಕಟ್ಟಿಕೊಳ್ಳುತ್ತೆ" ಅನ್ನುತ್ತಿದ್ದ. ಮೂರು ವಾರಕ್ಕೆ ಸರಿಯಾಗಿ ಕಟ್ಟಿಕೊಳ್ಳುತ್ತಿತ್ತು. ಬಿ.ಇ. ಓದಿ ಬಂದ ನನಗೆ ಇದು ಬಹಳ ಅವಮಾನ ಎನಿಸುತ್ತಿತ್ತು.

ನಮ್ಮ ವಿಭಾಗದ ಪಾಲಿಗೆ ಬಂದಿದ್ದದ್ದು ಲಂಡನ್ನಿನ ಪೂರ್ವ ತುದಿಯ, ಥೇಮ್ಸ್ ಪಕ್ಕದ ತಗ್ಗು ನೆಲ. ಅಲ್ಲಿನ ನದಿಗೆ ಸಮುದ್ರದ ಉಬ್ಬರ ಇಳಿತ ಎರಡೂ ಉಂಟು. ದಂಡೆಯಲ್ಲಿ ಮಣ್ಣಿನ ಒಡ್ಡು, ಒಡ್ಡಿನ ತಳದಲ್ಲಿ ತೋಡಿನ ನೀರು ನದಿಗೆ ಹೋಗಲು ಒಂದು ಕಂಡಿ, ಕಂಡಿಗೆ ಮೇಲಿನಿಂದ ತೂಗುಬಿಟ್ಟ ಕಬ್ಬಿಣದ ಬಾಗಿಲು. ಇಳಿತದಲ್ಲಿ ತೋಡಿನ ನೀರು ಬಾಗಿಲನ್ನು ಹೊರಗೆ ದೂಡಿಕೊಂಡು ಹೋಗುತ್ತದೆ. ಉಬ್ಬರದಲ್ಲಿ ನದಿ ಅದೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಮುಚ್ಚಿದಷ್ಟು ಹೊತ್ತು ಮಳೆ ನೀರು ತೋಡಿನಲ್ಲೇ ಕಾಯಬೇಕು. ಈ ಕೆಲಸದ ಗುಟ್ಟು ಇಷ್ಟೇ. ನನ್ನ ಅಜ್ಜಿಯ ಊರಿನ ಉಪ್ಪುನೀರಿನ ಗದ್ದೆಗಳಲ್ಲೂ ಇದೇ ಥರದ ಮರದ ಬಾಗಿಲು ಇತ್ತು. ಅಜ್ಜಿ ಅದನ್ನು ಕಣ್ಣು ಮುಚ್ಚಿ ನಡೆಸುತ್ತಿದ್ದಳು. ಮೊಮ್ಮಗಳು ಕಣ್ಣು ಬಿಟ್ಟುಕೊಂಡೇ ಕೆಡಿಸಿದಳು.

ಕೆಡಿಸಿದ್ದು ಹೀಗೆ. ಸೇರಿದ ಮೊದಲ ಬೇಸಿಗೆ. ಬಾಗಿಲು ತುಕ್ಕು ಹಿಡಿದು ಅರ್ಧವೇ ತೆರೆಯುತ್ತಿತ್ತು. ತೋಡು ಬೇಗ ಖಾಲಿಯಾಗಲಿ ಎಂದು ನಾನು ಒಂದು ಮರದ ತುಂಡನ್ನು ಸಿಕ್ಕಿಸಿ ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಉಬ್ಬರಕ್ಕೆ ಮುಂಚೆ ಬಂದು ತೆಗೆದರಾಯಿತು ಎಂದು ಉಬ್ಬರದ ಪಟ್ಟಿ ನೋಡಿದೆ. ಈ ದೇಶದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರಲ್ಲ, ಪಟ್ಟಿಯಲ್ಲಿ ಅದನ್ನು ಆಗಲೇ ಸೇರಿಸಿತ್ತು. ನಾನು ಜಾಣೆ, ಇನ್ನೂ ಒಂದು ಗಂಟೆ ಸೇರಿಸಿದೆ. ನಾನು ಬರುವಷ್ಟರಲ್ಲಿ ಥೇಮ್ಸ್ ನನಗಿಂತ ಮುಂಚೆ ಬಂದು, ತೆರೆದ ಬಾಗಿಲಲ್ಲಿ ಒಳಗೆ ಹೋಗಿ, ಜನ ತರಕಾರಿ ಬೆಳೆಯುವ ಕೌನ್ಸಿಲ್ ಪಾತಿಗಳಲ್ಲಿ ಆರಾಮಾಗಿ ನಿಂತಿತ್ತು. ಅದರಲ್ಲಿ ಒಂದು ಪಾತಿ ಕಾಲಿನ್‌ನದು. ಪ್ರದರ್ಶನಕ್ಕೆಂದು ವರ್ಷವಿಡೀ ಸಾಕಿದ ಲೀಕ್ ಗಿಡಗಳು, ನಮ್ಮ ಈರುಳ್ಳಿಯ ದಾಯಾದಿಗಳು, ಉಪ್ಪುನೀರಿನಲ್ಲಿ ಮುಳುಗಿ ತುದಿ ಮಾತ್ರ ತೋರಿಸುತ್ತಿದ್ದವು.

ಕಾಲಿನ್ ನೀರಿಗಿಳಿದು ಒಂದು ಲೀಕನ್ನು ಕಿತ್ತು ಮೂಸಿದ. ಆಮೇಲೆ, "ಜಲ್, ಇದಕ್ಕೆ ಉಪ್ಪು ಹಾಕೋದು ಬೇಯಿಸುವಾಗ" ಅಂದ.

ಅಷ್ಟೇ. ಮೆಮೊ ಇಲ್ಲ, ಬೈಗುಳ ಇಲ್ಲ. ಆದರೆ ಆ ಮಾತನ್ನು ಅವನು ನಿವೃತ್ತನಾಗುವ ದಿನದ ಭಾಷಣದವರೆಗೂ ಪ್ರತಿ ವರ್ಷ ಒಮ್ಮೆಯಾದರೂ ಎಲ್ಲರೆದುರು ಹೇಳಿದ. ಮೆಮೊ ಕೊಟ್ಟಿದ್ದರೇ ವಾಸಿ ಇತ್ತು.

ಕಾಲಿನ್ ಹೋದ ಮೇಲೆ ಕೋಲೂ ಹೋಯಿತು. ಅವನ ಜಾಗಕ್ಕೆ ಆಲಿವರ್ ಬಂದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಒಳ್ಳೆಯ ಹುಡುಗ, ಮಾತಿಗೊಮ್ಮೆ "ಮಾಡೆಲ್ ಏನು ಹೇಳುತ್ತೆ ನೋಡೋಣ" ಅನ್ನುವವನು. ಅವನ ಕಂಪ್ಯೂಟರ್ ಮಾಡೆಲ್‌ನ ಪರದೆಯಲ್ಲಿ ಮಳೆ ಬಂದರೆ ನೀರು ನೀಲಿ ಬಣ್ಣದಲ್ಲಿ ಕ್ಯೂ ನಿಂತ ಇಂಗ್ಲಿಷರ ಹಾಗೆ ಒಂದರ ಹಿಂದೆ ಒಂದು ನದಿಗೆ ಹೋಗುತ್ತಿತ್ತು. ನಾನು ಮಾಡೆಲ್‌ನ ವಿರೋಧಿ ಅಲ್ಲ, ನಾನೂ ಅದನ್ನು ಕಲಿತೆ. ಆದರೆ ಮಾಡೆಲ್‌ಗೆ ಮೂಗಿಲ್ಲ.

ನಮ್ಮ ತಗ್ಗಿನಲ್ಲಿ ಮೂವತ್ತೊಂದು ಮನೆಗಳ ಒಂದು ಸಾಲು ಇತ್ತು. ಹಿತ್ತಿಲುಗಳ ಹಿಂದೆ ತೋಡು. ಮಾಡೆಲ್ ಪ್ರಕಾರ ಅಲ್ಲಿ ನೀರು ನಿಲ್ಲಬಾರದು. ಒಂದೇ ಚಳಿಗಾಲದಲ್ಲಿ ಮೂರು ಸಲ ನಿಂತಿತು. ಮೂರನೆಯ ಸಲ ನಾನು ಹೋದಾಗ ಒಂಬತ್ತನೇ ನಂಬರಿನ ಮಿಸೆಸ್ ಅಡೆಬಾಯೊ ಬಾಗಿಲಲ್ಲೇ ನಿಂತಿದ್ದರು. ನೈಜೀರಿಯಾದವರು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸ್.

"ಮಾಡೆಲ್ ಪ್ರಕಾರ..." ಎಂದು ಶುರು ಮಾಡಿದೆ.

"ಬನ್ನಿ" ಎಂದು ಒಳಗೆ ಕರೆದು, ಒದ್ದೆ ಕಾರ್ಪೆಟ್ಟಿನ ಒಂದು ತುಂಡು ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ನಿಮ್ಮ ಮಾಡೆಲ್‌ಗೆ ಇದನ್ನು ತೋರಿಸಿ."

ತೋರಿಸಿದೆ. ಆಲಿವರ್ ಕಿಟಕಿ ತೆರೆದ.

ಮಾಡೆಲ್ ತೋಡನ್ನು ನದಿಯವರೆಗೂ ತೆರೆದ ಗೆರೆಯಾಗಿ ತೋರಿಸುತ್ತಿತ್ತು. ನಾನು ಬೂಟು ಹಾಕಿಕೊಂಡು ಅದೇ ಗೆರೆಯ ಮೇಲೆ ನಡೆಯಲು ಹೊರಟೆ. ಹತ್ತನೇ ಮನೆಯಾಚೆ ನಡೆಯಲಾಗಲಿಲ್ಲ. ತೋಡಿನ ಮೇಲೆ ಒಬ್ಬರ ಮರದ ಜಗಲಿ, ಮುಂದೆ ಇನ್ನೊಬ್ಬರ ಗೊಬ್ಬರದ ರಾಶಿ, ಮತ್ತೊಬ್ಬರ ಬೇಲಿ. ಹದಿನಾಲ್ಕನೇ ನಂಬರಿನಲ್ಲಿ ರಾನ್ ಪಿಗಟ್ ಎಂಬ ವೃದ್ಧರ ಶೆಡ್ಡು ತೋಡಿನ ಮೇಲೆ ಕಾಲು ಚಾಚಿ ಕೂತಿತ್ತು.

"ತೋಡಾ? ಇಲ್ಲಿ ಯಾವತ್ತೂ ತೋಡು ಇರಲಿಲ್ಲ" ಅಂದರು ರಾನ್. ಅವರ ಶೆಡ್ಡಿನ ಕೆಳಗಿನಿಂದ ಕಪ್ಪೆ ಕೂಗುತ್ತಿತ್ತು.

ಇತ್ತು ಎನ್ನುವುದಕ್ಕೆ ದಾಖಲೆ ಬೇಕು. ಹಳೇ ಕಾಗದ ಇಡುವ ದಾಖಲೆ ಕೋಣೆಗೆ ಹೋದೆ. ಅಲ್ಲಿ ಮಾರ್ಗರೆಟ್ ಎಂಬ ನಿವೃತ್ತ ಲ್ಯಾಟಿನ್ ಟೀಚರ್ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದರು. ನಕ್ಷೆ ಕೇಳಿದರೆ ನಕ್ಷೆಯ ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ತಂದರು. ಆ ತಗ್ಗು ನೆಲದ ಒಡ್ಡು, ತೋಡುಗಳ ಲೆಕ್ಕದ ಪುಸ್ತಕ. ಹಳೇ ಕೈಬರಹ ನನಗೆ ಹುಳ ಹರಿದ ಹಾಗೆ ಕಾಣುತ್ತಿತ್ತು. ಮಾರ್ಗರೆಟ್ ಬೆರಳಿಟ್ಟು ಓದಿ ಹೇಳಿದರು.

ಆ ನೆಲ ಹದಕ್ಕೆ ಬಂದದ್ದು ಮೂರು ನಾಲ್ಕು ನೂರು ವರ್ಷಗಳ ಹಿಂದೆ, ಡಚ್ಚರು, ಫ್ಲೆಮಿಷರು ಎಂಬ ವಲಸೆ ರೈತರ ಕೈಯಲ್ಲಿ. ತಮ್ಮ ಊರಿನ ಯುದ್ಧ, ಧರ್ಮದ ಕಿರುಕುಳ ತಪ್ಪಿಸಿಕೊಂಡು ಕಡಲು ದಾಟಿ ಬಂದವರು. ಅವರಿಗೆ ಸಿಕ್ಕಿದ್ದು ಬೇರೆ ಯಾರಿಗೂ ಬೇಡವಾದ ಜೌಗು. ಭಾಷೆ ಬಾರದು, ಅಕ್ಕಪಕ್ಕದ ಇಂಗ್ಲಿಷ್ ರೈತರಿಗೆ ಇವರನ್ನು ಕಂಡರಾಗದು. ಆದರೆ ನದಿ ಏರಿದರೆ ಇಬ್ಬರ ಗದ್ದೆಯೂ ಮುಳುಗುತ್ತದೆ. ಹಾಗಾಗಿ ಒಂದು ಏರ್ಪಾಡು ಮಾಡಿಕೊಂಡರು. ಯಾರಿಗೆ ಎಷ್ಟು ನೆಲವೋ ಅವರಿಗೆ ಅಷ್ಟು ಉದ್ದದ ಒಡ್ಡು ಮತ್ತು ತೋಡು. ವರ್ಷಕ್ಕೆ ಎರಡು ಸಲ ಎಲ್ಲರೂ ಒಟ್ಟಾಗಿ ಅದರ ಉದ್ದಕ್ಕೂ ನಡೆದು ಒಬ್ಬರ ಪಾಲನ್ನು ಇನ್ನೊಬ್ಬರು ನೋಡಬೇಕು. ಗಂಟೆ ಹೊಡೆದರೆ ಮನೆಗೊಂದು ಆಳು, ಕೈಯಲ್ಲಿ ಸಲಿಕೆ. ಅಜ್ಜಿಯ ಊರಿನ ಕಟ್ಟದ, ಅಂದರೆ ಒಡ್ಡಿನ, ಕೆಲಸಕ್ಕೂ ಮನೆಗೊಂದು ಆಳೇ. ಅದನ್ನು ಕೇಳಿ ನನಗೆ ಬಹಳ ದೂರದ ನೆಂಟರ ಮನೆ ಸಿಕ್ಕಿದಂತಾಯಿತು.

ಆ ಪುಸ್ತಕ ಬರೆದವನು ಇಂಗ್ಲಿಷ್ ಗುಮಾಸ್ತ. ಒಬ್ಬನೇ ಡಚ್ಚನ ಹೆಸರು ಒಂದೇ ಪುಟದಲ್ಲಿ ಮೂರು ಥರ ಇತ್ತು. ನಮ್ಮ ಜಿಪಿ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ನನ್ನ ಹೆಸರನ್ನು ಐದು ಥರ ಬರೆದಿದ್ದಾಳೆ, ಆದ್ದರಿಂದ ಆ ಮನುಷ್ಯನ ಮೇಲೆ ನನಗೆ ವಿಶೇಷ ಮಮತೆ ಹುಟ್ಟಿತು. ಪುಸ್ತಕದ ಸ್ವಾರಸ್ಯವಿದ್ದದ್ದು ಕೆಲಸಕ್ಕೆ ಬಾರದವರ ಪಟ್ಟಿಯಲ್ಲಿ. ಒಬ್ಬನ ಹಸು ಈಯುತ್ತಿತ್ತು. ಒಬ್ಬನಿಗೆ ಗಂಟೆ ಕೇಳಿಸಲಿಲ್ಲ. ಇನ್ನೊಬ್ಬನಿಗೆ ಕೇಳಿಸಿತು, ಆದರೆ ಬೇರೆ ಊರಿನ ಗಂಟೆ ಅಂದುಕೊಂಡ. ಗಂಟೆ ಕೇಳಿಸದವನ ಹೆಸರು ಪಿಗಟ್.

ಕಾನೂನು ಇವತ್ತಿಗೂ ಬಹಳ ಬದಲಾಗಿಲ್ಲ. ಹಿತ್ತಿಲ ಹಿಂದಿನ ತೋಡಿನ ಪಾಲು ಆ ಮನೆಯವರದ್ದೇ. ಕೌನ್ಸಿಲ್ ಇದನ್ನು ತಿಳಿಸಿ ಮೂವತ್ತೊಂದು ಯಜಮಾನರಿಗೆ ಪತ್ರ ಬರೆದಿತ್ತು. ಒಂದೇ ಉತ್ತರ ಬಂದಿತ್ತು: ತೋಡು ನನ್ನದಾದರೆ ಅದರ ಮೇಲೆ ಕಾರು ನಿಲ್ಲಿಸಬಹುದೇ?

ನಾನು ಆಲಿವರ್‌ಗೆ ಹೇಳಿದೆ, ಪತ್ರ ಬೇಡ, ಒಂದು ಭಾನುವಾರ ಎಲ್ಲರನ್ನೂ ಕರೆದು ತೋಡಿನುದ್ದಕ್ಕೂ ನಡೆಸೋಣ, ಅವರವರ ಪಾಲು ಅವರವರೇ ತೆರೆಯಲಿ.

ಆಲಿವರ್ ಮುಖ ಸಣ್ಣದು ಮಾಡಿದ. "ಅಲ್ಲಿಗೊಂದು ಪಂಪು ಹಾಕಿಸೋಕೆ ನಾನು ಅರ್ಜಿ ಕೊಟ್ಟಿದ್ದೇನೆ. ಜನರೇ ನೋಡಿಕೊಳ್ತಾರೆ ಅಂತ ಗೊತ್ತಾದರೆ ಮೇಲಿನವರು ಪಂಪನ್ನು ಪಟ್ಟಿಯಿಂದ ತೆಗೆದುಬಿಡ್ತಾರೆ. ಆಮೇಲೆ ನೀರು ಬಂದರೆ ಮನೆ ಮನೆಗೆ ಹೋಗಿ ಉತ್ತರ ಹೇಳೋದು ನೀವೇ."

"ಹೇಳ್ತೇನೆ" ಅಂದೆ. ಹೇಳುವುದು ಸುಲಭವಿತ್ತು.

ಇಂಗ್ಲೆಂಡಿನಲ್ಲಿ ಭಾನುವಾರ ಜನರನ್ನು ಹೊರಗೆ ಎಳೆಯಲು ಕಾನೂನು ಸಾಲದು, ತಿಂಡಿ ಬೇಕು. ನನ್ನ ಗಂಡ ವೆಂಬ್ಲಿಯ ಒಂದು ಹೋಟೆಲಿನಲ್ಲಿ ಅಡುಗೆಯವರು. ಅವರಿಗೆ ವಿಷಯ ಹೇಳಿದೆ.

"ನಿಮ್ ಕೌನ್ಸಿಲ್ಲಂಗೆ ತೋಡ್ ತೆಗುಕೆ ಜನ ಇಲ್ಯಾ? ಅದ್ಕ್ ನಾ ಗೋಳಿಬಜೆ ಮಾಡ್ಕಾ?" ಅಂದರು.

"ಹ್ವಾಯ್, ಒಂದ್ ದಿನ ಅಲ್ದಾ, ಮಾಡಿ ಕಾಂಬ" ಅಂದೆ.

ಬೈಯುತ್ತಲೇ ಎರಡು ಬಾಲ್ದಿ ಹಿಟ್ಟು ಕಲಸಿದರು.

ಆ ಭಾನುವಾರ ಬೆಳಿಗ್ಗೆ ಇಪ್ಪತ್ತೊಂದು ಮನೆಯವರು ಬಂದರು. ಉಳಿದವರ ನೆಪಗಳನ್ನೂ ಬರೆದಿಟ್ಟುಕೊಂಡೆ: ಬೆನ್ನು ನೋವು, ಸೋಫಾ ಡೆಲಿವರಿ ಬರುವುದಿದೆ, ಮೆಸೇಜು ನೋಡಲಿಲ್ಲ. ಹಸುವಿನ ನೆಪ ಮಾತ್ರ ಯಾರೂ ಹೇಳಲಿಲ್ಲ. ನಾನು ಹಳೇ ಪುಸ್ತಕದ ಕಥೆ ಹೇಳಿ, ಮಾರ್ಗರೆಟ್ ತಿಳಿಸಿದ ಇನ್ನೊಂದು ಪದ್ಧತಿಯನ್ನೂ ಹೇಳಿದೆ. ಆ ರೈತರ ಮೂಲ ನಾಡಿನ ಕಡಲ ದಂಡೆಯಲ್ಲಿ, ತನ್ನ ಪಾಲಿನ ಒಡ್ಡು ನೋಡಿಕೊಳ್ಳಲು ಆಗದವನು ಅದರ ಮೇಲೆ ಸಲಿಕೆ ನೆಟ್ಟು ಹೋಗಿಬಿಡಬೇಕಿತ್ತಂತೆ. ಆ ಸಲಿಕೆಯನ್ನು ಕಿತ್ತವನಿಗೆ ಅವನ ನೆಲ, ಅದರ ಜೊತೆಗೆ ಒಡ್ಡಿನ ಹೊಣೆ. ಎಲ್ಲರೂ ನಕ್ಕರು. ರಾನ್ ಬೇಲಿಯಾಚೆ ನಿಂತು ಕೇಳುತ್ತಿದ್ದರು, ನಗಲಿಲ್ಲ. ಬಾರದವರ ಪಟ್ಟಿಯಲ್ಲಿ ಒಬ್ಬ ಪಿಗಟ್ ಇದ್ದದ್ದನ್ನು ನಾನು ಬಾಯಿ ತಡೆಯದೆ ಹೇಳಿಬಿಟ್ಟಿದ್ದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆಯ ಹೊತ್ತಿಗೆ ಜಗಲಿ ಎದ್ದಿತು, ಗೊಬ್ಬರ ಸರಿಯಿತು, ಬೇಲಿಗಳು ಹಿಂದೆ ಹೋದವು. ಬಾರದವರ ಪಾಲನ್ನು ಪಕ್ಕದವರು ಗೊಣಗುತ್ತ ತೆರೆದರು. ಮನೆಯ, ಹಿತ್ತಿಲಿನ ನೀರು ತೋಡಿಗೆ ಬಿಡುವ ಕೊಳವೆ ಪ್ರತಿ ಮನೆಗೂ ಇತ್ತು. ತೋಡು ತುಂಬಿದರೆ ಅದರಲ್ಲೇ ನೀರು ಹಿಮ್ಮುಖ ಬರುತ್ತದೆ ಎಂದು, ಕೊಳವೆಯ ಬಾಯಿಗೆ ನೀರನ್ನು ಹೊರಗೆ ಮಾತ್ರ ಬಿಡುವ ಮುಚ್ಚಳ ಹಾಕಲು ಎಲ್ಲರಿಗೂ ಮೆಸೇಜು ಕಳಿಸಿದೆ. ಉಳಿದದ್ದು ರಾನ್‌ರ ಶೆಡ್ಡು ಒಂದೇ. ಆದರೆ ತೋಡಿನ ಲೆಕ್ಕದಲ್ಲಿ ಒಂದು ಮನೆ ನಿಂತರೆ ಎಲ್ಲ ಮನೆಯೂ ನಿಂತ ಹಾಗೆ.

ಮುಂದಿನ ಶನಿವಾರ ಬೆಳಿಗ್ಗೆ ಮಿಸೆಸ್ ಅಡೆಬಾಯೊ ಫೋನು ಮಾಡಿ ಕರೆದರು. ಹೋಗಿ ನೋಡಿದರೆ ಶೆಡ್ಡಿನ ಎದುರು, ತೋಡಿನ ಅಂಚಿನಲ್ಲಿ ಒಂದು ಸಲಿಕೆ ನೆಟ್ಟಿತ್ತು. ರಾನ್ ಅಡುಗೆಮನೆಯ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದರು.

"ನನಗೆ ಗಂಟೆ ಕೇಳಿಸ್ತು" ಅಂದರು. "ಸೊಂಟ ಹೋಗಿದೆ. ಆಪರೇಷನ್ನಿಗೆ ಕಾಯ್ತಾ ಇದ್ದೇನೆ. ಬಗ್ಗೋಕಾಗಲ್ಲ. ಅಷ್ಟು ಜನರ ಎದುರು ನಾನು ಅದನ್ನ ಹೇಳಿಕೊಳ್ಳಬೇಕಿತ್ತಾ?"

ಮೊಂಡುತನ ಎಂದು ನಾನು ಬರೆದಿಟ್ಟುಕೊಂಡಿದ್ದದ್ದು ಅವರ ನಾಚಿಕೆಯಾಗಿತ್ತು. ಮಿಸೆಸ್ ಅಡೆಬಾಯೊ ಮಾತ್ರ ಸೀದಾ ಹೋಗಿ ಸಲಿಕೆಯನ್ನು ಎರಡೂ ಕೈಯಲ್ಲಿ ಕಿತ್ತರು.

"ಈಗ ಈ ಹಿತ್ತಿಲು ನನ್ನದಾ?"

"ಕೆಸರು ಮಾತ್ರ" ಅಂದರು ರಾನ್. "ಗುಲಾಬಿ ನನ್ನದು."

ಆವತ್ತೇ ಎಂಟು ಜನ ಸೇರಿ ಶೆಡ್ಡನ್ನು ಎತ್ತಿ ಈಚೆ ಇಟ್ಟರು. ಒಳಗೆ ಇದ್ದದ್ದು ಜ್ಯಾಮ್ ಬಾಟಲಿಗಳಲ್ಲಿ ಅಳತೆ ಪ್ರಕಾರ ಜೋಡಿಸಿಟ್ಟ ಮೊಳೆ, ತಿರುಪು, ಕೊಳವೆಯ ತುಂಡುಗಳು. ನಾನು ರಾನ್‌ರ ಕ್ಷಮೆ ಕೇಳಿದೆ. ಅವರು ಗೋಳಿಬಜೆ ಉಳಿದಿದೆಯಾ ಎಂದು ಕೇಳಿದರು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಪರೀಕ್ಷೆ ಬಂತು. ಎರಡು ದಿನದಿಂದ ಬಿಡದ ಮಳೆ, ಅದರ ಮೇಲೆ ದೊಡ್ಡ ಉಬ್ಬರ. ಬಾಗಿಲು ಮುಚ್ಚಿಕೊಂಡಿತು. ನಾನು ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತೆ, ಆಲಿವರ್ ಲ್ಯಾಪ್‌ಟಾಪ್ ಜೊತೆ ಕಾರಿನಲ್ಲಿ ಕೂತ. ತೋಡು ಉದ್ದಕ್ಕೂ ತುಂಬಿತು, ಹಿತ್ತಿಲ ಹುಲ್ಲಿಗೆ ಏರಿತು, ಮಿಸೆಸ್ ಅಡೆಬಾಯೊ ಅವರ ಮೆಟ್ಟಿಲಿನ ಬುಡಕ್ಕೆ ಬಂತು. ಅಲ್ಲಿ ನಿಂತಿತು. ನಾಲ್ಕು ಗಂಟೆಗೆ ನದಿ ಇಳಿಯತೊಡಗಿತು, ಬಾಗಿಲು ಕಿರ್ರೆಂದು ತೆರೆಯಿತು, ನೀರು ನುಗ್ಗಿ ಹೋಯಿತು. ಆಲಿವರ್ ಕಾರಿನಿಂದ ಇಳಿದು ಬಂದು, ಮಳೆಯಲ್ಲೇ ನನ್ನ ಕೈ ಕುಲುಕಿದ. ಆಮೇಲೆ ಅವನ ವರದಿಯಲ್ಲಿ ಮಾಡೆಲನ್ನು ಸರಿಪಡಿಸಿದ ಬಗ್ಗೆ ಹನ್ನೊಂದು ಪುಟ ಇತ್ತು. ಮೂವತ್ತೊಂದು ಮನೆಗಳು ಅನುಬಂಧದಲ್ಲಿ ಬಂದವು, ಗೋಳಿಬಜೆ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಕಥೆ ಚೆನ್ನಾಗಿರುತ್ತದೆ. ನನ್ನ ಬೀಳ್ಕೊಡುಗೆಯ ದಿನ ಇಲ್ಲಿಗೇ ನಿಲ್ಲಿಸಿದ್ದೆ. ಆದರೆ ಹೊಸಬರಿಗೆ ಪೂರ್ತಿ ಹೇಳಬೇಕು.

ಸೋಮವಾರ ಬೆಳಿಗ್ಗೆ ಫೋನು ಬಂತು. ಹಿಂದಿನ ದಿನದ ಉಬ್ಬರದಲ್ಲಿ ಮೂವತ್ತೊಂದನೇ ನಂಬರಿನ ಮನೆಯೊಳಗೆ ನೀರು ಬಂದಿತ್ತು. ಅದು ಸಾಲಿನ ಕೊನೆಯ ಮನೆ, ಒಡ್ಡಿಗೆ ಹತ್ತಿರ. ಅಲ್ಲಿಯವರೆಗೆ ಒಮ್ಮೆಯೂ ನೀರು ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮೇಲಿನವರ ಜಗಲಿ, ಶೆಡ್ಡುಗಳಿಗೆ ತಡೆದು ನೀರು ಅವರ ತನಕ ಮುಟ್ಟುತ್ತಲೇ ಇರಲಿಲ್ಲ. ನಾವು ದಾರಿ ಬಿಡಿಸಿ ಅದನ್ನು ಅವರ ಹಿತ್ತಿಲಿಗೆ ತಂದೆವು. ಅವರ ಕೊಳವೆಗೆ ಮುಚ್ಚಳ ಇರಲಿಲ್ಲ. ಹಾಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮನೆ ಬಾಡಿಗೆಯದು. ಪತ್ರ, ಮೆಸೇಜು ಎಲ್ಲ ಹೋದದ್ದು ಯಜಮಾನರಿಗೆ, ಅವರು ಇದ್ದದ್ದು ಸ್ಪೇನಿನಲ್ಲಿ.

ಬಾಗಿಲು ತೆಗೆದವಳು ರೂಟಾ. ಲಿಥುವೇನಿಯಾದವಳು, ಬೇಕರಿಯಲ್ಲಿ ಕೆಲಸ. ಗಂಡ ಒದ್ದೆ ಹಾಸಿಗೆಯನ್ನು ಗೋಡೆಗೆ ಒರಗಿಸುತ್ತಿದ್ದ. ನಾನು ಯಾರು, ಏನು ಮಾಡಿದೆ, ಏನು ಮಾಡಲಿಲ್ಲ ಎಂದು ಎಲ್ಲವನ್ನೂ ಹೊಸ್ತಿಲಲ್ಲೇ ಹೇಳಿದೆ. ಅವಳು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆ ಭಾನುವಾರ ನಾವು ಕಿಟಕಿಯಿಂದ ನೋಡಿದೆವು" ಅಂದಳು. "ಎಲ್ಲರೂ ನಗ್ತಾ ಇದ್ದರು, ಏನೋ ತಿಂತಾ ಇದ್ದರು. ನಮ್ಮನ್ನು ಕರೆಯದೆ ಮಾಡಿದ ಪಾರ್ಟಿ ಅಂದುಕೊಂಡೆವು."

ಇಪ್ಪತ್ತೇಳು ವರ್ಷದಲ್ಲಿ ನನಗೆ ಅದಕ್ಕಿಂತ ಜೋರಾದ ಮೆಮೊ ಯಾರೂ ಕೊಟ್ಟಿಲ್ಲ. ಆವತ್ತು ಮಿಸೆಸ್ ಅಡೆಬಾಯೊ ಬಕೆಟ್ಟು ತಂದರು, ರಾನ್ ಕುಂಟುತ್ತ ಬಂದು, ತಮ್ಮ ಬಾಟಲಿಗಳಲ್ಲಿ ಹುಡುಕಿ ಆ ಕೊಳವೆಗೆ ಹೊಂದುವ ಮುಚ್ಚಳ ಕೊಟ್ಟರು, ರೂಟಾಳ ಗಂಡ ಅದನ್ನು ಕೂರಿಸಿದ. ನಾನು ದಾಖಲೆ ಕೋಣೆಗೆ ಹೋಗಿ ಮಾರ್ಗರೆಟ್‌ರನ್ನು ಕೇಳಿದೆ, ಆ ವಲಸೆ ರೈತರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಹೆಸರು ಎಲ್ಲಿದೆ? ಅವರು ಪುಟ ಮಗುಚಿ ಮಗುಚಿ ನೋಡಿ ಕನ್ನಡಕ ತೆಗೆದರು. ನೆಲ ಇದ್ದವರ ಹೆಸರು ಮಾತ್ರ ಬರೆದಿದ್ದಾರೆ, ಅಂದರು. ಅಂದಿನ ಗುಮಾಸ್ತನೂ ನಾನೂ ಒಂದೇ ತಪ್ಪು ಮಾಡಿದ್ದೆವು. ಮೇಘನಾ, ಪಟ್ಟಿ ಮಾಡುವಾಗ ಮನೆ ಯಾರದ್ದು ಎಂದು ಕೇಳಬೇಡ, ಅಲ್ಲಿ ಮಲಗುವವರು ಯಾರು ಎಂದು ಕೇಳು.

ಮಾರ್ಚ್ ಕೊನೆಯಲ್ಲಿ ತೋಡಿನ ನಡಿಗೆ ಮತ್ತೆ ಬಂತು. ಈ ಸಲ ನಾನು ಸಾಲಿನ ಕೊನೆಯಿಂದ ಶುರು ಮಾಡಿ, ಮೊದಲು ರೂಟಾಳ ಬಾಗಿಲು ತಟ್ಟಿದೆ. ಒಳಗೆ ರಟ್ಟಿನ ಪೆಟ್ಟಿಗೆಗಳು ಜೋಡಿಸಿದ್ದವು.

"ನಾವು ಹದಿನೈದು ದಿನದಲ್ಲಿ ಮನೆ ಖಾಲಿ ಮಾಡ್ತೀವಿ" ಅಂದಳು.

"ಅಯ್ಯೋ, ಹಾಗಾದ್ರೆ ನಿಮಗೆ ಯಾಕೆ ಈ ಕೆಲಸ, ಬಿಡಿ" ಅಂದೆ.

ಅವಳು ಒಂದು ಪೆಟ್ಟಿಗೆಯ ಟೇಪು ಹರಿದು ಒಳಗಿನಿಂದ ಬೂಟು ತೆಗೆದಳು. "ನಾವು ಹೋದ ಮೇಲೆ ಇಲ್ಲಿ ಯಾರಾದ್ರೂ ಬರ್ತಾರಲ್ಲ" ಅನ್ನುತ್ತ ಹೊಸ್ತಿಲ ಮೇಲೆ ಕೂತು ಬೂಟಿಗೆ ಕಾಲು ತೂರಿಸಿದಳು.